ನಡುಗದ ಕೈ

ನಾನು ಒಂದು ಶುಗರ್ ಮಷೀನು. ಡಬ್ಬಿಯ ಮೇಲೆ ಗ್ಲುಕೋಮೀಟರ್ ಎಂದು ಅಚ್ಚಾಗಿತ್ತು. ಆದರೆ ಅಮೀನಗಡದಲ್ಲಿ ಆ ಹೆಸರಿನಿಂದ ನನ್ನನ್ನು ಯಾರೂ ಕರೆಯಲಿಲ್ಲ. ಮುಷ್ಟಿ ಮುಚ್ಚಿದರೆ ಕಾಣದಷ್ಟು ಸಣ್ಣ ಮೈ ನನ್ನದು. ಬೆನ್ನಲ್ಲಿ ಬಿಲ್ಲೆಯಂಥ ಒಂದು ಸೆಲ್ಲು, ಮುಖದಲ್ಲಿ ಒಂದು ಗಾಜಿನ ಕಿಟಕಿ, ಕೆಳಗೆ ಸೀಳಿದಂಥ ಬಾಯಿ. ಆ ಬಾಯಿಗೆ ಒಂದು ಸಣ್ಣ ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿಗೆ ಒಂದು ಹನಿ ರಕ್ತ ತಾಗಿಸಿದರೆ, ಐದು ಎಣಿಸುವಷ್ಟರಲ್ಲಿ ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಹೇಳುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಸುಮ್ಮನಿರುತ್ತೇನೆ.

ನಾನು ಹುಟ್ಟಿದ್ದು ಬೆಳ್ಳಗಿನ ಒಂದು ದೊಡ್ಡ ಕೋಣೆಯಲ್ಲಿ. ಅದು ಯಾವ ಊರೋ ತಿಳಿಯದು. ಸಾಲಾಗಿ ಕೂತಿದ್ದ ಹೆಂಗಸರು ಕೈಗೆ ರಬ್ಬರಿನ ಚೀಲ ಹಾಕಿಕೊಂಡಿದ್ದರು, ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಒಬ್ಬಳು ನನ್ನ ಕಿಟಕಿ ಕೂರಿಸಿದಳು. ಒಬ್ಬಳು ಬೆನ್ನಿನ ಮುಚ್ಚಳ ಹಾಕಿದಳು. ಕೊನೆಯವಳು ಏನೋ ಬಣ್ಣದ ನೀರಿನ ಹನಿ ಕುಡಿಸಿ ನನ್ನ ಲೆಕ್ಕ ಸರಿಯಿದೆಯೇ ಎಂದು ನೋಡಿದಳು. ಸರಿಯಿತ್ತು. ಬರಿಗೈ ಹೇಗಿರುತ್ತದೆ ಎಂದು ಬಾಗಲಕೋಟೆಯ ಔಷಧಿ ಅಂಗಡಿಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಬದುಕೆಲ್ಲ ಬೆರಳುಗಳ ನಡುವೆಯೇ ಕಳೆಯಿತು.

ನನ್ನನ್ನು ಕೊಂಡವರು ಅಮೀನಗಡದ ಗೂಳಪ್ಪ ಮಾಸ್ತರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಅವರಿಗೆ ಇದ್ದದ್ದು ವಯಸ್ಸಾದ ಮೇಲೆ ಬರುವ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಗುಳಿಗೆ, ವಾರಕ್ಕೊಮ್ಮೆ ನನ್ನ ದರ್ಶನ. ರವಿವಾರ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅಂಕಿ ನೂರಾ ಹತ್ತರ ಒಳಗೆ ಬಂದರೆ ಪಟ್ಟಿಪುಸ್ತಕದಲ್ಲಿ ಕೆಂಪು ಮಸಿಯಿಂದ ಬರೆದು ಪಕ್ಕದಲ್ಲಿ ‘ಶಾಬಾಶ್’ ಎಂದು ತಮಗೆ ತಾವೇ ಬರೆದುಕೊಳ್ಳುತ್ತಿದ್ದರು.

“ಶನಿವಾರ ಉಪವಾಸ, ರವಿವಾರ ಪರೀಕ್ಷಾ, ಸೋಮವಾರ ಹೋಳಿಗಿ. ಮಷೀನಿಗೂ ಮೋಸ ಮಾಡ್ತೀರಲ್ಲ ನೀವು!” ಎಂದು ಅವರ ಹೆಂಡತಿ ನಗುತ್ತಿದ್ದರು.

“ಪರೀಕ್ಷಾಕ್ಕ ತಯಾರಿ ಮಾಡ್ಕೊಳ್ಳೂದು ಮೋಸ ಹೆಂಗ ಆಕ್ಕೈತಿ?” ಎಂದು ಮಾಸ್ತರು ಗಂಭೀರವಾಗಿಯೇ ಕೇಳುತ್ತಿದ್ದರು.

ಅವರ ಪಕ್ಕದ ಮನೆಯಲ್ಲಿ ಕಾಶವ್ವ ಮತ್ತು ಅವಳ ಮಗಳು ದಾನೇಶ್ವರಿ ಇದ್ದರು. ಓಣಿಗೆಲ್ಲ ಆ ಹುಡುಗಿ ದಾನಿ. ಅಪ್ಪ ಲಾರಿ ಓಡಿಸಿಕೊಂಡು ಹೆಚ್ಚಾಗಿ ಪರಊರಿನಲ್ಲೇ ಇರುತ್ತಿದ್ದ. ದಾನಿಗೆ ಹದಿಮೂರು ವರ್ಷವಾದಾಗ ಒಮ್ಮೆಲೇ ಬತ್ತಿಹೋದಳು. ಕೊಡಗಟ್ಟಲೆ ನೀರು ಕುಡಿದರೂ ದಾಹ ಹಿಂಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದಳು. ಅವಳ ಮೈಯೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿತ್ತಂತೆ. ಗುಳಿಗೆಯಿಂದ ಆಗುವ ಕೆಲಸವಲ್ಲ. ದಿನಕ್ಕೆ ನಾಲ್ಕು ಸೂಜಿ, ಬದುಕಿರುವವರೆಗೂ.

ಮಾಸ್ತರು ನನ್ನನ್ನು ಎತ್ತಿಕೊಂಡು ಅವರ ಮನೆಗೆ ಹೋದರು.

“ತಗೋ ಯವ್ವಾ. ನನಗ ಇದು ವಾರಕ್ಕೊಮ್ಮಿ ಬೇಕು. ನಿನಗ ದಿನಾ ಬೇಕು. ನೆನಪಿಟ್ಕೋ, ಅಂಕಿ ಎಷ್ಟು ಕಡಿಮಿ ಬರ್ತೈತೋ ಅಷ್ಟು ಚೊಲೋ. ಶಾಲ್ಯಾಗ ಹೆಚ್ಚಿಗಿ ಮಾರ್ಕ್ಸ್ ತಗೋಬೇಕು, ಇದರಾಗ ಕಡಿಮಿ ತಗೋಬೇಕು.”

ಮಾಸ್ತರಿಗೆ ಅದು ನಿಜವೇ ಆಗಿತ್ತು. ದಾನಿಗೆ ಅದು ನಿಜವಾಗಿರಲಿಲ್ಲ. ಆ ದಿನ ನಮ್ಮ ಮೂವರಲ್ಲಿ ಯಾರಿಗೂ ಅದು ತಿಳಿಯಲಿಲ್ಲ.

ದಾನಿಯ ಬೆರಳುಗಳು ತೆಳ್ಳಗೆ, ಉದ್ದಕ್ಕೆ ಇದ್ದವು. ಮೊದಲ ಎರಡು ವರ್ಷ ಅವಳಿಗೆ ಸಕ್ಕರೆ ಇಳಿದರೆ ಅಂಕಿ ಬರುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಕೈ ನಡುಗುತ್ತಿತ್ತು. ರಕ್ತದ ಹನಿ ಪಟ್ಟಿಯ ತುದಿ ತಪ್ಪಿ ಅತ್ತಿತ್ತ ಹೋಗುತ್ತಿತ್ತು. ಅಂಗೈ ಬೆವತು ನನ್ನ ಮೈ ಜಾರುತ್ತಿತ್ತು. “ಅವ್ವಾ, ಒಳಗ ಏನೋ ಡಬಡಬ ಅನ್ನಾಕತ್ತೈತಿ,” ಎನ್ನುತ್ತಿದ್ದಳು. ಕಾಶವ್ವ ಓಡಿಬಂದು ಸಕ್ಕರೆ ನೀರು ಕುಡಿಸುತ್ತಿದ್ದಳು. ಕಾಲು ಗಂಟೆಯಲ್ಲಿ ಎಲ್ಲ ಶಾಂತವಾಗುತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಅವಳು ಎರಡು ಸಲ ಶಾಲೆಯಲ್ಲಿ ಬಿದ್ದಳು. ಕಾಶವ್ವ ಹೆದರಿ ಶಾಲೆ ಬಿಡಿಸಿದಳು. ದಾನಿ ಮೊದಲಿನಿಂದಲೂ ಏನೂ ಅನ್ನದ ಹುಡುಗಿ. ಆದರೆ ಆ ವರ್ಷ ಅವಳು ಮಾಸ್ತರಂತೆಯೇ ಒಂದು ಪಟ್ಟಿಪುಸ್ತಕ ಹೊಲಿದುಕೊಂಡಳು. ನಾನು ಹೇಳಿದ ಅಂಕಿಯನ್ನೆಲ್ಲ ಅದರಲ್ಲಿ ಬರೆದು, ಶನಿವಾರಕ್ಕೊಮ್ಮೆ ಮಾಸ್ತರಿಗೆ ತೋರಿಸುತ್ತಿದ್ದಳು. ಅವರ ಕೆಂಪು ಮಸಿಯಲ್ಲಿ ತೊಂಬತ್ತಕ್ಕೆ ಒಂದು ಗೆರೆ, ಎಂಬತ್ತಕ್ಕೆ ಎರಡು, ಎಪ್ಪತ್ತಕ್ಕೆ ‘ಶಾಬಾಶ್’. ಶಾಲೆ ತಪ್ಪಿದ ಹುಡುಗಿಗೆ ಕೆಂಪು ಮಸಿ ಸಿಕ್ಕುತ್ತಿದ್ದುದು ಅಲ್ಲಿ ಮಾತ್ರ. ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿದಳು. ಸೂಜಿಯಲ್ಲಿ ಒಂದು ಯುನಿಟ್ ಹೆಚ್ಚು ಮಾಡಿದಳು. ಅರವತ್ತೆರಡು ಬಂತು. ಐವತ್ತೆಂಟು ಬಂತು. ಅವಳಿಗೆ ಖುಷಿಯಾಯಿತು.

ಹೀಗೆ ವರ್ಷಗಳು ಹೋದವು. ಒಂದು ದಿನ ಮಧ್ಯಾಹ್ನ ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ರೂಢಿಯಂತೆ ನನ್ನನ್ನು ತೆಗೆದು ಹನಿ ಕುಡಿಸಿದಳು. ನಾನು ಐದು ಎಣಿಸಿದೆ. ನಲವತ್ತೊಂಬತ್ತು. ನನಗೆ ಗಾಬರಿಯಾಯಿತು. ಅಂಕಿಯನ್ನು ಕಂಡಲ್ಲ, ಅವಳ ಕೈಯನ್ನು ಕಂಡು. ಆ ಕೈ ಕಲ್ಲಿನಂತೆ ನಿಂತಿತ್ತು. ನಡುಕವಿಲ್ಲ, ಬೆವರಿಲ್ಲ. ಬೆರಳು ಹದವಾಗಿ, ಒಣಗಿಕೊಂಡು ಇತ್ತು. ಅವಳು ಅಂಕಿ ಬರೆದುಕೊಂಡಳು, ಎರಡು ಖರ್ಜೂರ ತಿಂದಳು, ಮತ್ತೆ ಮೊರ ಎತ್ತಿಕೊಂಡಳು. ಅವಳ ಮೈ ಕೂಗುವುದನ್ನು ಬಿಟ್ಟಿತ್ತು. ಇನ್ನು ಕೂಗಬೇಕಾದದ್ದು ನಾನು. ನನಗೋ ಕೇಳದೆ ಹೇಳುವ ವಿದ್ಯೆ ಬರುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ದಾನಿ ಗೌರಕ್ಕನ ಕರದಂಟಿನ ಮನೆಗೆ ಕೆಲಸಕ್ಕೆ ಸೇರಿದಳು. ನಮ್ಮೂರ ಕರದಂಟು ನಿಮಗೆ ಗೊತ್ತಿರಬೇಕು. ತುಪ್ಪದಲ್ಲಿ ಕರಿದ ತಿನ್ನುವ ಅಂಟು, ಕೊಬ್ಬರಿ, ಬಾದಾಮಿ, ಅಂಜೂರ, ಖರ್ಜೂರ, ಎಲ್ಲವನ್ನೂ ಬೆಲ್ಲದ ಪಾಕಕ್ಕೆ ಹಾಕಿ ತಟ್ಟೆಯಲ್ಲಿ ಒತ್ತಿ ಕೊಯ್ಯುತ್ತಾರೆ. ಕಾಶವ್ವನಿಗೆ ಮನಸ್ಸಿರಲಿಲ್ಲ. ಓಣಿಯವರು ನಕ್ಕರು. “ಸಕ್ರಿ ಬ್ಯಾನಿ ಹುಡುಗಿ ಕರದಂಟಿನ ಮನ್ಯಾಗ! ಬೆಕ್ಕನ್ನ ಹಾಲಿಗೆ ಕಾವಲಿಟ್ಟಂಗಾತು,” ಎಂದರು. ದಾನಿ ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಕಸ ಹೊಡೆದಳು.

ಗೌರಕ್ಕ ಐವತ್ತರ ಗಟ್ಟಿ ಹೆಂಗಸು. ಪಾಕದ ಹದ ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಇನ್ನೊಬ್ಬಳು ಮೆಹಬೂಬಿ. ಗಂಡನಿಲ್ಲ. ನಾಲಿಗೆ ಅವಳ ಕೈಯ ಚಾಕುವಿಗಿಂತ ಹರಿತ. ದಾನಿಗೆ ಸಿಕ್ಕ ಕೆಲಸ ಖರ್ಜೂರದ ಬೀಜ ತೆಗೆದು ಸಣ್ಣಗೆ ಹೆಚ್ಚುವುದು. ಆದರೆ ಅವಳ ಕಣ್ಣು ಇದ್ದದ್ದು ಕಡಾಯಿಯ ಮೇಲೆ. ಗೌರಕ್ಕ ಸೌಟು ಎತ್ತಿ ಪಾಕದ ಎಳೆ ನೋಡುವಾಗ ದಾನಿಯ ಚಾಕು ನಿಂತುಹೋಗುತ್ತಿತ್ತು. ವರ್ಷ ಕಳೆಯುವುದರೊಳಗೆ ಗೌರಕ್ಕ ಅದನ್ನು ಗುರುತಿಸಿದಳು.

“ಪಂಚಮಿ ಮುಗೀಲಿ. ನಿನಗ ಪಾಕ ಕಲಸ್ತೀನಿ. ನನಗೂ ಮೊಣಕಾಲು ಸಾಕಾಗ್ಯಾವ,” ಎಂದಳು.

ಆ ದಿನ ದಾನಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಚೀಲವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋದಳು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಾದ ಕಟ್ಟಳೆ ಇತ್ತು. ಹೆಚ್ಚಲು ಕೂತಾಗಿನಿಂದ ತಟ್ಟೆ ಆರುವವರೆಗೆ ಯಾರೂ ಕೈಗೆ ನೀರು ಸೋಕಿಸಬಾರದು. ಒಂದು ಹನಿ ನೀರು ಸೇರಿದರೂ ನಾಲ್ಕು ದಿನದಲ್ಲಿ ಕರದಂಟಿಗೆ ಬೂಷ್ಟು ಬರುತ್ತದೆ. ಕೈಗೆ ಅಂಟಿದರೆ ಒಣ ಅರಿವೆಯಿಂದ ಒರೆಸಿಕೊಳ್ಳಬೇಕು, ಹೆಚ್ಚೆಂದರೆ ತುಪ್ಪ ಸವರಿಕೊಳ್ಳಬೇಕು. ನಲ್ಲಿ ಇದ್ದದ್ದು ಹಿತ್ತಲಲ್ಲಿ. ಎಲ್ಲ ಮುಗಿದ ಮೇಲೆಯೇ ಅತ್ತ ಹೋಗುವುದು.

ಪಂಚಮಿಗೆ ಎಂಟು ದಿನ ಇತ್ತು. ಊರೂರಿನಿಂದ ಬೇಡಿಕೆ ಬಂದಿತ್ತು. ಬೇರೆ ದಿನಗಳಲ್ಲಿ ತಟ್ಟೆ ಆರಿ, ಕೈ ತೊಳೆದ ಮೇಲೆಯೇ ಊಟವಾಗುತ್ತಿತ್ತು; ಆ ದಿನ ಅಷ್ಟು ಬಿಡುವಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ದಾನಿ ಮೂಲೆಯಲ್ಲಿ ಕೂತು, ಒಣ ಅರಿವೆಯಿಂದ ಬೆರಳು ಒರೆಸಿಕೊಂಡು, ಚುಚ್ಚಿ, ನನ್ನ ಪಟ್ಟಿಗೆ ಹನಿ ಕೊಟ್ಟಳು. ಐದು ಎಣಿಸಿದೆ. ಮುನ್ನೂರಾ ಹದಿನೆಂಟು ಎಂದೆ.

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನನಗೆ ಸಕ್ಕರೆ ಗೊತ್ತಾಗುತ್ತದೆ. ಅದು ರಕ್ತದ್ದೋ, ಬೆರಳಿಗೆ ಮೆತ್ತಿದ ಖರ್ಜೂರದ್ದೋ ಎಂದು ಗೊತ್ತಾಗುವುದಿಲ್ಲ.

ದಾನಿಯ ಮುಖ ಕಪ್ಪಿಟ್ಟಿತು. ಅಷ್ಟು ದೊಡ್ಡ ಅಂಕಿಯನ್ನು ಅವಳು ವರ್ಷಗಳಿಂದ ಕಂಡಿರಲಿಲ್ಲ. ಊಟಕ್ಕೆ ಬೇಕಾದ ಇನ್ಸುಲಿನ್ ಜೊತೆಗೆ ಆ ಮುನ್ನೂರನ್ನು ಇಳಿಸುವುದಕ್ಕೂ ಸೇರಿಸಿ ಚುಚ್ಚಿಕೊಂಡಳು. ರೊಟ್ಟಿಯ ಗಂಟು ಬಿಚ್ಚಿದಳು. ಅಷ್ಟರಲ್ಲಿ ಗೌರಕ್ಕ ಕೂಗಿದಳು.

“ಪಾಕ ಬಂತು! ಬರ್ರೆ ಎಲ್ಲಾರೂ, ಲಗೂ ಬರ್ರಿ!”

ಪಾಕ ಯಾರಿಗೂ ಕಾಯುವುದಿಲ್ಲ. ಬಿಸಿ ಇರುವಾಗಲೇ ತಟ್ಟೆಗೆ ಸುರಿದು ಒತ್ತದಿದ್ದರೆ ಕಲ್ಲಾಗುತ್ತದೆ. ದಾನಿ ರೊಟ್ಟಿಯ ಗಂಟನ್ನು ನನ್ನ ಪಕ್ಕದಲ್ಲಿಟ್ಟು ಎದ್ದು ಹೋದಳು. ಅರ್ಧ ಗಂಟೆ ನಾನು ಆ ರೊಟ್ಟಿಯನ್ನು ನೋಡುತ್ತ ಬಿದ್ದಿದ್ದೆ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಅವಳು ತಟ್ಟೆಯ ಒಂದೇ ಮೂಲೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು.

“ಏ ದಾನಿ, ಆ ಮೂಲಿ ಏನ್ ನಿನ್ನ ಗಂಡನೇನ? ಬಿಟ್ಟ ಬರವಲ್ಲಿ!” ಎಂದಳು ಮೆಹಬೂಬಿ.

ದಾನಿ ನಕ್ಕಳು. ಎಲ್ಲರೂ ನಕ್ಕರು. ಎಲ್ಲರ ನಗು ನಿಂತ ಮೇಲೂ ಅವಳದು ನಿಲ್ಲಲಿಲ್ಲ. ಮೆಹಬೂಬಿ ಹತ್ತಿರ ಬಂದು ಮೊಣಕೈ ಹಿಡಿದಳು.

“ಬಿಡು! ನನ್ನ ಕೆಲಸ ನಾ ಮಾಡ್ತೀನಿ!” ಎಂದು ದಾನಿ ಒದರಿದಳು.

“ಗೌರಕ್ಕಾ, ಈ ಹುಡುಗಿ ಎಂದೂ ಒದರಿದಾಕಿ ಅಲ್ಲ,” ಎಂದಳು ಮೆಹಬೂಬಿ. ಅವಳ ದನಿ ಬದಲಾಗಿತ್ತು. ಮಾತು ಮುಗಿಯುವುದರೊಳಗೆ ದಾನಿ ಮುಂದಕ್ಕೆ ವಾಲಿದಳು. ಎದುರಿಗೆ ಕುದಿಯುವ ಕಡಾಯಿ. ಮೆಹಬೂಬಿ ಕೈಗೆ ಸಿಕ್ಕ ಜಡೆ ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ನೆಲಕ್ಕೆ ಬಿದ್ದರು. ದಾನಿಯ ಹಲ್ಲು ಕಚ್ಚಿಕೊಂಡಿದ್ದವು, ಕೈಕಾಲು ಸೆಟೆದಿದ್ದವು. ಯಾರೋ ಬೆಲ್ಲದ ನೀರು ತಂದರು. “ಎಚ್ಚರಿಲ್ಲದ ಬಾಯಾಗ ಹಾಕಬ್ಯಾಡ್ರಿ, ಗಂಟಲಕ್ಕ ಸಿಗತೈತಿ!” ಎಂದು ಗೌರಕ್ಕ ತಡೆದು, ಟಂಟಂ ಗಾಡಿ ಕರೆಸಿದಳು. ಊರಿನ ದವಾಖಾನೆಯಲ್ಲಿ ನೋಡಿದಾಗ ಸಕ್ಕರೆ ಇಪ್ಪತ್ತೇಳು ಇತ್ತು. ನರಕ್ಕೆ ಸಕ್ಕರೆ ನೀರು ಏರಿಸಿದರು. ದಾನಿ ಕಣ್ಣು ತೆರೆದು, “ತಟ್ಟಿ ಒತ್ತಿದ್ರೇನ್ರಿ?” ಎಂದು ಕೇಳಿದಳಂತೆ.

ಎರಡು ದಿನದ ಮೇಲೆ ಬಾಗಲಕೋಟೆಗೆ ಹೋದೆವು. ಅಲ್ಲಿ ಸಕ್ಕರೆ ಕಾಯಿಲೆಯನ್ನೇ ನೋಡುವ ಒಬ್ಬ ಹೆಣ್ಣು ಡಾಕ್ಟರ್ ಇದ್ದರು, ಎಲ್ಲರಿಗೂ ಡಾಕ್ಟರ್ ಬಾಯಿ. ಕಾಶವ್ವ, ದಾನಿ, ಗೌರಕ್ಕ ಮೂವರೂ ಬೆಂಚಿನ ತುದಿಯಲ್ಲಿ ಕೂತರು. ಗೌರಕ್ಕ ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ಕರದಂಟು ತಂದಿದ್ದಳು.

ಡಾಕ್ಟರ್ ಬಾಯಿ ನನ್ನ ಗುಂಡಿ ಒತ್ತಿ ಹಳೆಯ ಅಂಕಿಗಳನ್ನು, ಊರಿನ ದವಾಖಾನೆಯ ಚೀಟಿಯನ್ನು ನೋಡಿದರು. “ಮುನ್ನೂರಾ ಹದಿನೆಂಟು. ಒಂದ ತಾಸಿಗೆ ಇಪ್ಪತ್ತೇಳು. ಇಷ್ಟು ಲಗೂ ಇಳಿಯೂದಿಲ್ಲವ್ವ,” ಎಂದರು. ದಾನಿಯ ಅಂಗೈ ಬಿಡಿಸಿ ಉಗುರು ನೋಡಿದರು. ಕಂದು ಬಣ್ಣ ಹತ್ತಿತ್ತು. ಕೆಲಸ ಏನೆಂದು ಕೇಳಿದರು. ಕರದಂಟಿನದೆಂದು ತಿಳಿದೊಡನೆ ಗೌರಕ್ಕನ ಪೊಟ್ಟಣ ಬಿಚ್ಚಿದರು. ಒಂದು ಚೂರು ಮುರಿದು ತಮ್ಮ ಬೆರಳಿಗೇ ತಿಕ್ಕಿದರು. ಒಣ ಹತ್ತಿಯಿಂದ ಒರೆಸಿದರು. ಚುಚ್ಚಿ ನನಗೆ ಹನಿ ಕೊಟ್ಟರು.

ಇನ್ನೂರಾ ಎಪ್ಪತ್ತಾರು ಎಂದೆ.

“ಅಯ್ಯ ನಮ್ಮವ್ವ, ನಿಮಗೂ ಐತೇನ್ರಿ?” ಎಂದು ಕಾಶವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಡಾಕ್ಟರ್ ಬಾಯಿ ನಗುತ್ತ ಎದ್ದು ಸಾಬೂನು ಹಚ್ಚಿ ಕೈ ತೊಳೆದು, ಒಣಗಿಸಿಕೊಂಡು ಬಂದು, ಮತ್ತೊಮ್ಮೆ ಚುಚ್ಚಿಕೊಂಡರು. ತೊಂಬತ್ತೆಂಟು.

ಗೌರಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. “ನೀರು ಮುಟ್ಟಬ್ಯಾಡ್ರಿ ಅಂದಾಕಿ ನಾನಽ,” ಎಂದಳು ಮೆಲ್ಲಗೆ.

ಡಾಕ್ಟರ್ ಬಾಯಿ ಮತ್ತೆ ನನ್ನ ಗುಂಡಿ ಒತ್ತುತ್ತ ಹಿಂದೆ ಹಿಂದೆ ಹೋದರು. ಐವತ್ತೆರಡು, ನಲವತ್ತೇಳು, ಐವತ್ತೈದು, ನಲವತ್ತನಾಲ್ಕು. ಅವರ ಮುಖದ ನಗು ಹೋಯಿತು.

“ಇವೆಲ್ಲಾ ಬಂದಾಗ ಮೈಯಾಗ ಏನಾಗ್ತಿತ್ತು?”

“ಏನೂ ಆಗ್ತಿರಲಿಲ್ರಿ,” ಎಂದಳು ದಾನಿ.

“ಕಡಿಮಿ ಬಂದಷ್ಟೂ ಚೊಲೋ ಅಂತ ಮಾಸ್ತರು ಭಾಳ ಹೊಗಳತಿದ್ರು,” ಎಂದು ಕಾಶವ್ವ ಹೆಮ್ಮೆಯಿಂದಲೇ ಸೇರಿಸಿದಳು.

“ಏನೂ ಆಗದ ಇರೂದ ದೊಡ್ಡ ರೋಗ ನೋಡವ್ವ,” ಎಂದರು ಡಾಕ್ಟರ್ ಬಾಯಿ. “ಮನಿ ಮುಂದ ನಾಯಿ ಬೊಗಳಿದ್ರ ಮೊದಲನೇ ದಿನ ಎದ್ದು ನೋಡ್ತೀರಿ. ದಿನಾ ಬೊಗಳಿದ್ರ? ಹೊದ್ಕೊಂಡು ಮಲಗ್ತೀರಿ. ಈಕಿ ಮೈನೂ ಹಂಗ ಆಗೈತಿ. ದಿನಾ ಸಕ್ರಿ ಇಳದು ಇಳದು ಅದಕ್ಕ ರೂಢಿ ಆಗಿ, ನಡುಗೂದು, ಬೆವರೂದು, ಎಲ್ಲಾ ಬಿಟ್ಟಬಿಟ್ಟೈತಿ. ಇನ್ನ ಮುಂದ ಒಂದ ಕ್ಷಣ ಚೊಲೋ ಇರ್ತಾಳ, ಮರುಕ್ಷಣ ಬಿದ್ದಿರ್ತಾಳ. ನಡುವ ಸೂಚನಾ ಇರೂದಿಲ್ಲ.”

ಕಾಶವ್ವ ಅಳತೊಡಗಿದಳು. ದಾನಿ ಅಳಲಿಲ್ಲ. ನನ್ನ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. “ಅದು ತಿರಗಿ ಬರೂದಿಲ್ಲೇನ್ರಿ?”

“ಬರಬಹುದು. ಸಕ್ರಿ ಇಳಿಯೂದನ್ನ ಪೂರಾ ನಿಲ್ಲಸಬೇಕು. ಮೂರು ತಿಂಗಳು ಒಮ್ಮಿನೂ ಎಂಬತ್ತರ ಕೆಳಗ ಹೋಗಬಾರದು. ಸೂಜಿ ನಾ ಕಡಿಮಿ ಮಾಡ್ತೀನಿ. ನೀ ದಿನಕ್ಕ ಎಂಟು ಸಲ ನೋಡಬೇಕು, ಕೈ ತೊಳಕೊಂಡು. ಎಲ್ಲಾರಿಗೂ ಬರ್ತೈತಿ ಅಂತ ಮಾತು ಕೊಡಾಂಗಿಲ್ಲ. ಭಾಳ ಮಂದಿಗೆ ಬಂದೈತಿ.”

“ಬರಸ್ಕೋತೀನ್ರಿ,” ಎಂದಳು ದಾನಿ.

ಅವಳು ಮೈಮೇಲೆ ಎಚ್ಚರವಿದ್ದು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಸ್ಸಿನಲ್ಲಿ ಗೌರಕ್ಕ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ಕೆಲಸಕ್ಕ ಬಾ. ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನ ಮೈ ನಿನಗ ಗೊತ್ತಾಗೂತನಕ ಒಲಿ ಮುಂದ ನಿಂದ್ರಸೂದಿಲ್ಲ. ಪಾಕದ ಮಾತು ಈಗ ಬ್ಯಾಡ.” ದಾನಿ ತಲೆಯಾಡಿಸಿದಳು. ಕಾಶವ್ವನ ಮಾತು ಬೇರೆಯೇ ಇತ್ತು. “ಕೆಲಸನೂ ಬ್ಯಾಡ, ಏನೂ ಬ್ಯಾಡ. ನನ್ನ ಕಣ್ಣ ಮುಂದ ಇರು.”

ಹದಿನೈದು ದಿನ ಕಾಶವ್ವ ಮಗಳ ನೆರಳಾದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು, “ದಾನೀ, ಅದೀಯೇನ?” ಎಂದು ಕೇಳುವಳು. ಒಳಗಿನಿಂದ “ಅದೀನಿ” ಎಂದು ಬರುವುದು ತಡವಾದರೆ ಬಾಗಿಲು ತಳ್ಳುವಳು. ಇಪ್ಪತ್ತು ವರ್ಷದ ಹುಡುಗಿ ಮೈಮೇಲೆ ಸೀರೆ ಎಳೆದುಕೊಳ್ಳುತ್ತಿದ್ದಳು. ಬೈಯುತ್ತಿರಲಿಲ್ಲ. ಹದಿನಾರನೇ ದಿನ ಬೆಳಿಗ್ಗೆ ತಲೆ ಬಾಚಿಕೊಂಡು ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟಳು.

“ಅವ್ವಾ, ನೀ ಕಾದ್ರ ನಾ ಬಿದ್ದಾಗ ಎತ್ತತೀ. ಬೀಳೂದನ್ನ ನಿಲ್ಲಸೂದು ನನ್ನ ಕೈಯಾಗ ಐತಿ. ಅದನ್ನ ಕಲೀತೀನಿ, ಬಿಡು,” ಎಂದಳು.

ಮಾಸ್ತರು ಸುದ್ದಿ ಕೇಳಿ ಬಂದರು. ಅವರ ಕೈಯಲ್ಲಿ ಹೊಸ ಪಟ್ಟಿಪುಸ್ತಕವಿತ್ತು. “ನನಗ ಸರಿ ಇದ್ದ ಲೆಕ್ಕಾನ ನಿನಗೂ ಹಚ್ಚಿದ್ನೆವ್ವಾ. ನಲವತ್ತು ವರ್ಷ ಗಣಿತ ಹೇಳಿದಾಂವ, ಇಷ್ಟು ತಪ್ಪಿದೆ,” ಎಂದವರ ಕಣ್ಣು ಒದ್ದೆಯಾಗಿತ್ತು. ದಾನಿ ಅವರಿಗೆ ಚಹಾ ಕೊಟ್ಟಳು, ಸಕ್ಕರೆ ಹಾಕದೆ. ಅವರು ಪುಸ್ತಕದ ಮೊದಲ ಹಾಳೆಯ ಮೇಲೆ ಗೆರೆ ಎಳೆದು ಬರೆದರು. ಎಂಬತ್ತರಿಂದ ನೂರಾ ಎಂಬತ್ತು: ಸರಿ. ಎಂಬತ್ತರ ಕೆಳಗೆ: ನಾಪಾಸು.

ಅಲ್ಲಿಂದ ನಮ್ಮ ದುಡಿಮೆ ಶುರುವಾಯಿತು. ಎರಡು ತಾಸಿಗೊಮ್ಮೆ ದಾನಿ ಹೆಚ್ಚುವುದನ್ನು ಬಿಟ್ಟು ಹಿತ್ತಲಿಗೆ ಹೋಗುವಳು. ಸಾಬೂನು ಹಚ್ಚಿ ಮಣಿಕಟ್ಟಿನವರೆಗೆ ತೊಳೆಯುವಳು. ಒರೆಸಿ, ಬಿಸಿಲಿಗೆ ಹಿಡಿದು, ಚುಚ್ಚುವಳು. ಆಮೇಲೆ ಕೈಗಳನ್ನು ಪೂರ್ತಿ ಒಣಗಿಸಿ, ತುಪ್ಪ ಸವರಿಕೊಂಡು, ಗೌರಕ್ಕನ ಮುಂದೆ ಎರಡೂ ಅಂಗೈ ಚಾಚುವಳು. ಗೌರಕ್ಕ ತನ್ನ ಕೆನ್ನೆಗೆ ಒತ್ತಿಕೊಂಡು ತೇವವಿಲ್ಲವೆಂದು ನೋಡಿ ಒಳಗೆ ಬಿಡುವಳು.

“ಮದಿವಿ ಹೆಣ್ಣಿನ ಕೈಗೂ ಇಷ್ಟು ಉಪಚಾರ ಇಲ್ಲ,” ಎನ್ನುವಳು ಮೆಹಬೂಬಿ. ಆದರೆ ದಾನಿ ಮರೆತರೆ ಎರಡು ತಾಸಾಯಿತೆಂದು ಮೊದಲು ಕೂಗುವವಳೂ ಅವಳೇ.

ಹತ್ತೊಂಬತ್ತು ದಿನ ಸರಿಯಾಗಿ ಹೋಯಿತು. ಇಪ್ಪತ್ತನೇ ದಿನ ಎರಡು ಓಣಿ ಹೆಚ್ಚು ನಡೆದದ್ದಕ್ಕೋ ಏನೋ, ಅರವತ್ತೆಂಟು ಎಂದೆ. ದಾನಿ ನನ್ನನ್ನು ಬಹಳ ಹೊತ್ತು ನೋಡಿದಳು. ಸಕ್ಕರೆ ತಿಂದಳು. ಮನೆಗೆ ಬಂದು ಪುಸ್ತಕದ ಹತ್ತೊಂಬತ್ತು ದಿನಗಳ ಕೆಳಗೆ ಅಡ್ಡ ಗೆರೆ ಎಳೆದು ಮತ್ತೆ ‘ಒಂದು’ ಎಂದು ಬರೆದಳು. ಡಾಕ್ಟರ್ ಬಾಯಿ ಹಾಗೆ ಮಾಡೆಂದು ಹೇಳಿರಲಿಲ್ಲ. ಅದು ಅವಳದೇ ಕಟ್ಟಳೆ.

ಎರಡನೇ ಸಲ ಮೂವತ್ತಾರು ದಿನ. ಮತ್ತೆ ಗೆರೆ. ಮತ್ತೆ ಒಂದು.

ಇನ್ನೊಂದು ಪೀಡೆಯಿತ್ತು. ಒಲೆಯ ಮನೆಯಲ್ಲಿ ಎಲ್ಲರೂ ಬೆವರುತ್ತಾರೆ. ತುಟಿಯ ಮೇಲೆ ಬೆವರು ಕಂಡರೆ ಸಾಕು, ದಾನಿ ಓಡಿಹೋಗಿ ನನ್ನನ್ನು ಕೇಳುವಳು. ನೂರಾ ನಲವತ್ತೆರಡು ಎನ್ನುವೆ. ಬರೀ ಸೆಕೆ. ಪೆಚ್ಚಾಗಿ ಒಳಗೆ ಬರುವಳು.

“ಅಮೀನಗಡದಾಗ ಬೆವರದಾಕಿ ಹೆಣ ಒಂದಽ,” ಎಂದಳು ಮೆಹಬೂಬಿ. “ನೀ ಬೆವರನ್ನ ಹುಡುಕಬ್ಯಾಡ. ಅದು ತಾನ ನಿನ್ನ ಹುಡುಕ್ಕೊಂಡ ಬರ್ತೈತಿ.”

ಮೂರನೇ ಸಲದ ಎಣಿಕೆ ತೊಂಬತ್ತು ದಾಟಿತು. ಪುಸ್ತಕದಲ್ಲಿ ಎಲ್ಲಿಯೂ ನಾಪಾಸು ಇರಲಿಲ್ಲ. ಆದರೆ ಬೆವರು ಹುಡುಕಿಕೊಂಡು ಬರಲಿಲ್ಲ. ಇಳಿದರೆ ತಾನೇ ಗೊತ್ತಾಗುವುದು, ಮೈಯ ಸೂಚನೆ ತಿರುಗಿ ಬಂದಿದೆಯೋ ಇಲ್ಲವೋ ಎಂದು! ದಾನಿ ಇದನ್ನು ಯಾರ ಮುಂದೆಯೂ ಆಡಲಿಲ್ಲ. ಕಡಾಯಿಯ ಕಡೆ ನೋಡುವುದನ್ನೂ ಬಿಟ್ಟಳು. ಖರ್ಜೂರದ ಬೀಜ ತೆಗೆಯುತ್ತ ಕೂತಳು, ಎರಡು ತಾಸಿಗೊಮ್ಮೆ ಎದ್ದಳು.

ಮಾಘ ಮಾಸದ ಒಂದು ಬೆಳಿಗ್ಗೆ. ಹೊರಗೆ ಕೊರೆಯುವ ಚಳಿ. ಬಿಸಿಲು ಬೀಳಲೆಂದು ತಟ್ಟೆಗಳನ್ನು ಹಿತ್ತಲಿನ ಕಟ್ಟೆಯ ಮೇಲೆ ಹಾಕಿದ್ದರು. ಪಾಕ ಸುರಿದಿದ್ದರು. ಎಲ್ಲರೂ ಶಾಲು ಹೊದ್ದು ಬಗ್ಗಿ ಒತ್ತುತ್ತಿದ್ದರು. ಕೊನೆಯ ತಟ್ಟೆ ದಾನಿಯದು. ನಾನು ಅವಳ ಸೊಂಟಕ್ಕೆ ತೂಗುತ್ತಿದ್ದೆ. ಒಮ್ಮೆಲೇ ಅವಳ ಕೈ ನಿಂತಿತು. ಎಡಗೈಯಿಂದ ಕತ್ತಿನ ಹಿಂದೆ ಮುಟ್ಟಿ ನೋಡಿ, ಆ ಬೆರಳುಗಳನ್ನು ಕಣ್ಣ ಮುಂದೆ ಹಿಡಿದಳು.

ಪಾಕ ಬಿಗಿಯುತ್ತಿತ್ತು. ಇನ್ನು ಹತ್ತು ಸಲ ಒತ್ತಿದರೆ ತಟ್ಟೆ ಮುಗಿಯುತ್ತಿತ್ತು. ದಾನಿ ಒತ್ತಲಿಲ್ಲ. ಎದ್ದು ನಿಂತಳು.

“ಏ, ಎಲ್ಲಿ ಹೊಂಟಿ? ಪಾಕ ಕಲ್ಲಾಕ್ಕೈತಿ!” ಎಂದು ಗೌರಕ್ಕ ಕೂಗಿದಳು.

“ಆಗಲ್ರಿ,” ಎಂದಳು ದಾನಿ. ನಲ್ಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು, ನನ್ನನ್ನು ತೆಗೆದಳು. ಪಟ್ಟಿ ನನ್ನ ಬಾಯಿಗೆ ಒಮ್ಮೆಗೇ ಸಿಕ್ಕಲಿಲ್ಲ. ಅತ್ತ ತಾಗಿತು, ಇತ್ತ ತಾಗಿತು. ಕೈ ನಡುಗುತ್ತಿತ್ತು! ಹನಿ ತುದಿ ತಪ್ಪಿ ನನ್ನ ಗಾಜಿನ ಮೇಲೆ ಬಿತ್ತು. ಇನ್ನೊಮ್ಮೆ ಒತ್ತಿ ಕೊಟ್ಟಳು. ನಾನು ಐದು ಎಣಿಸುವುದಕ್ಕೆ ಅವಳು ಕಾಯಲಿಲ್ಲ. ಆಗಲೇ ಗ್ಲೂಕೋಸ್ ಪುಡಿಯ ಪೊಟ್ಟಣ ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡಿದ್ದಳು.

ಅರವತ್ತಾರು ಎಂದೆ ನಾನು.

ಗೌರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೈಯಲೆಂದೇ ಬಂದಳು. ದಾನಿಯ ಬಾಯಿ, ಗಲ್ಲ, ಎದೆಯ ಮೇಲೆಲ್ಲ ಬಿಳಿ ಪುಡಿ ಚೆಲ್ಲಿತ್ತು. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರೂ ಇಳಿಯುತ್ತಿತ್ತು.

“ಗೌರಕ್ಕಾ, ನನಗ ಗೊತ್ತಾತ್ರಿ. ಮಷೀನು ಹೇಳೂಕಿಂತ ಮೊದಲ ನನಗ ಗೊತ್ತಾತು.”

ಮೆಹಬೂಬಿ ದಾನಿಯ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ತಣ್ಣಗಿನ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು. ಗೌರಕ್ಕ ಕಲ್ಲಾದ ತಟ್ಟೆಯನ್ನು ಬೆರಳಿನಿಂದ ತಟ್ಟಿದಳು. ಟಣ್ ಎಂದಿತು.

“ಇದು ಹೋತು,” ಎಂದಳು. “ಇನ್ನೊಂದು ಪಾಕಕ್ಕ ಇಡೂಣು. ಕಾಲು ತಾಸು ಕುಂದ್ರು, ಇನ್ನೊಮ್ಮಿ ನೋಡ್ಕೊ, ಆಮ್ಯಾಲ ಒಲಿ ಕಡೆ ಬಾ. ಸೌಟು ಹೆಂಗ ಹಿಡಿಯೂದು ಅಂತ ಮೊದಲ ತೋರಸ್ತೀನಿ.”

ಇದು ಆಗಿ ಈಗ ನಾಲ್ಕು ವರ್ಷ. ಕೈಗೆ ಸೂಚನೆ ಬಂದಿತೆಂದು ದಾನಿ ನನ್ನನ್ನು ಕೇಳುವುದನ್ನು ಬಿಡಲಿಲ್ಲ. ಕೆಲವು ದಿನ ಅದು ಬರುತ್ತದೆ, ಕೆಲವು ದಿನ ತಡಮಾಡುತ್ತದೆ. ಅದಕ್ಕೆ ಆ ಸೂಚನೆಯೂ ನಾನೂ ಇಬ್ಬರೂ ಬೇಕೆಂದು ಡಾಕ್ಟರ್ ಬಾಯಿ ಹೇಳಿದ್ದಾರೆ. ಆದರೆ ನನಗೆ ವಯಸ್ಸಾಯಿತು. ನನ್ನ ಬಾಯಿಗೆ ಹೊಂದುವ ಪಟ್ಟಿ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೋದ ದೀಪಾವಳಿಗೆ ಮನೆಗೆ ಹೊಸ ಮಷೀನು ಬಂತು. ಅದು ಬಿಳಿ, ಚುರುಕು, ಸಣ್ಣ ಹನಿ ಸಾಕು ಅದಕ್ಕೆ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ದಾನಿ ನನ್ನನ್ನು ಎಸೆಯಲಿಲ್ಲ. ಕರದಂಟಿನ ಮನೆಯ ಗೂಡಿನಲ್ಲಿ, ತುಪ್ಪದ ಡಬ್ಬಿಯ ಪಕ್ಕ ಇಟ್ಟಿದ್ದಾಳೆ. ಸೆಲ್ಲು ತೀರಿದೆ. ಕಿಟಕಿ ಖಾಲಿ.

ಇಲ್ಲಿಂದ ಒಲೆ ಚೆನ್ನಾಗಿ ಕಾಣುತ್ತದೆ. ಗೌರಕ್ಕ ಮೊಣಕಾಲು ಚಾಚಿ ಬಾಗಿಲಲ್ಲಿ ಕೂತು ಬಾದಾಮಿ ಸೀಳುತ್ತಿದ್ದಾಳೆ, ಒಲೆಯ ಕಡೆಗೆ ಬೆನ್ನು ಹಾಕಿ. ಕಡಾಯಿಯ ಮುಂದೆ ದಾನಿ ಒಬ್ಬಳೇ ನಿಂತಿದ್ದಾಳೆ. ಯಾರೂ ಅವಳನ್ನು ಕಾಯುತ್ತಿಲ್ಲ. ಸೌಟು ಎತ್ತಿ, ಬೆಳಕಿಗೆ ಹಿಡಿದು, ಎಳೆ ಇಳಿಯುವುದನ್ನು ನೋಡುತ್ತಿದ್ದಾಳೆ. ಇನ್ನೂ ಒಂದು ಕುದಿ ಬೇಕು ಎಂದುಕೊಂಡಿರಬೇಕು, ಸೌಟನ್ನು ಮತ್ತೆ ಒಳಗೆ ಇಳಿಸಿದಳು.